ಚದುರಂಗದ ಮಣೆಯ ಎದುರು ಕೂರುವವರು

ತಪ್ಪು ದಾರಿ ಹಿಡಿದ, ಇಲ್ಲವೇ ಹಿಡಿದೇ ತೀರುತ್ತಾರೆಂದು ಸುತ್ತಲಿನವರು ಮೊದಲೇ ಷರಾ ಬರೆದುಬಿಟ್ಟ ಹದಿಹರೆಯದ ಮಕ್ಕಳನ್ನು ಹಿರಿಯರೊಬ್ಬರು ಚದುರಂಗದ ಮಣೆಯ ಮುಂದೆ ಕೂರಿಸಿ, ಆಟ ಕಲಿಸುತ್ತಲೇ ಅವರ ಬದುಕಿಗೂ ಒಂದು ಹದ ತಂದುಕೊಡುವ ಕಥೆಯುಳ್ಳ ಚಲನಚಿತ್ರಗಳು ಈಚಿನ ವರ್ಷಗಳಲ್ಲಿ ಒಂದು ಪ್ರತ್ಯೇಕ ಪ್ರಕಾರವೆನ್ನುವಷ್ಟು ಬಂದಿವೆ. ಅಮೆರಿಕದ ವಾಷಿಂಗ್ಟನ್ ನಗರದ ಯೂಜೀನ್ ಬ್ರೌನ್ ಅವರನ್ನು ಕುರಿತ ‘ಲೈಫ್ ಆಫ್ ಎ ಕಿಂಗ್’ 2013ರಲ್ಲಿ, ನ್ಯೂಜಿಲೆಂಡಿನ ಜೆನೆಸಿಸ್ ಪೊಟಿನಿ ಅವರನ್ನು ಕುರಿತ ‘ದ ಡಾರ್ಕ್ ಹಾರ್ಸ್’ 2014ರಲ್ಲಿ, ಉಗಾಂಡದ ಕಾಟ್ವೆ ಕೊಳೆಗೇರಿಯ ಫಿಯೋನಾ ಮುಟೇಸಿಯ ಕಥೆ ಹೇಳುವ ‘ಕ್ವೀನ್ ಆಫ್ ಕಾಟ್ವೆ’ 2016ರಲ್ಲಿ, ಮಯಾಮಿಯ ಸರ್ಕಾರಿ ಶಾಲೆಯೊಂದರ ಮೇಷ್ಟ್ರು ಮಾರಿಯೋ ಮಾರ್ಟಿನೆಜ್ ಅವರನ್ನು ಕುರಿತ ‘ಕ್ರಿಟಿಕಲ್ ಥಿಂಕಿಂಗ್’ 2020ರಲ್ಲಿ ಬಂದವು. ನಾಲ್ಕೂ ನಿಜ ವ್ಯಕ್ತಿಗಳ ಬದುಕನ್ನು ಆಧರಿಸಿದ ಚಿತ್ರಗಳಾದುದರಿಂದ ನೋಡಿದವರ ಮನಸ್ಸಿನಲ್ಲಿ ಏಳುವ ಪ್ರಶ್ನೆಯೂ ನಿಜವಾದುದೇ: ಚೆಸ್ ಕಲಿಸಿದರೆ ಕೈಮೀರಿದ ಮಕ್ಕಳು ಸರಿಹೋಗುತ್ತಾರೆಯೇ? ಓದುಗರಿಂದ ಮತ್ತೆ ಮತ್ತೆ ಬರುವ ಈ ಪ್ರಶ್ನೆಗೆ ಸಿನಿಮಾ ಕೊಡುವ ಉತ್ತರ ಒಂದು, ಕಳೆದ ಮೂವತ್ತು ವರ್ಷಗಳ ಅಧ್ಯಯನಗಳು ಕೊಡುವ ಉತ್ತರ ಇನ್ನೊಂದು. ಎರಡನ್ನೂ ಹತ್ತಿರದಿಂದ ನೋಡಿದಾಗ ಕಾಣುವುದೇನೆಂದರೆ, ಮಕ್ಕಳನ್ನು ಮೇಲೆತ್ತುವ ಶಕ್ತಿ ಮಣೆಯಲ್ಲಿರುವುದಕ್ಕಿಂತ ಹೆಚ್ಚಾಗಿ, ಹೇಳಿದ ದಿನ ಹೇಳಿದ ಹೊತ್ತಿಗೆ ಬಂದು ಮಣೆಯ ಎದುರು ಕೂರುವ ಮನುಷ್ಯನಲ್ಲಿದೆ.

ನೈರೋಬಿಯ ಕಿಲಿಮಾನಿಯಂಥ ಬಡಾವಣೆಯಲ್ಲಿ ನೆಲೆಸಿರುವವರಿಗೆ ಈ ಪ್ರಶ್ನೆ ದೂರದ್ದಲ್ಲ. ಹಳೆಯ ಬಂಗಲೆಗಳ ಜಾಗದಲ್ಲಿ ಎತ್ತರದ ಅಪಾರ್ಟ್‌ಮೆಂಟುಗಳು ಎದ್ದಿರುವ, ಯಾಯಾ ಸೆಂಟರ್‌ನಂಥ ಮಳಿಗೆಗಳಿರುವ ಈ ಬಡಾವಣೆಯಿಂದ ಎನ್‌ಗಾಂಗ್ ರಸ್ತೆ ದಾಟಿ, ಹಳೆ ಬಟ್ಟೆಗಳ ವ್ಯಾಪಾರಕ್ಕೆ ಹೆಸರಾದ ಟೋಯ್ ಮಾರುಕಟ್ಟೆಯನ್ನು ಹಾದು ಮುಂದೆ ಹೋದರೆ ಕಿಬೆರಾ ಸಿಗುತ್ತದೆ. ಅಲ್ಲಿ ಹತ್ತು ಲಕ್ಷ ಜನರಿದ್ದಾರೆಂದು ಬಹುಕಾಲ ಹೇಳಲಾಗುತ್ತಿತ್ತಾದರೂ 2009ರ ಕೆನ್ಯಾ ಜನಗಣತಿ ಎಣಿಸಿದ್ದು 1,70,070 ಜನರನ್ನು. ಸಂಖ್ಯೆ ಕಡಿಮೆಯಾದ ಮಾತ್ರಕ್ಕೆ ಅಲ್ಲಿನ ಇಕ್ಕಟ್ಟು ಕಡಿಮೆಯಾಗುವುದಿಲ್ಲ. 1896ರಿಂದ 1901ರವರೆಗೆ ಭಾರತದಿಂದ ಬಂದ ಕೂಲಿಕಾರರ ದುಡಿಮೆಯಿಂದ ನಿರ್ಮಾಣವಾದ ಉಗಾಂಡ ರೈಲ್ವೆಯ ಹಳಿ ಕಿಬೆರಾದ ಮನೆಗಳ ನಡುವೆಯೇ ಹಾದುಹೋಗುತ್ತದೆಂಬುದನ್ನು ನೆನೆದರೆ, ಪೂರ್ವ ಆಫ್ರಿಕಾದಲ್ಲಿ ನೆಲೆಗೊಂಡ ಭಾರತೀಯರಿಗೂ ಆ ಓಣಿಗಳಿಗೂ ಏನೂ ಸಂಬಂಧವಿಲ್ಲವೆಂದು ಹೇಳುವಂತಿಲ್ಲ. ಗೇಟಿನಲ್ಲಿ ನಿಲ್ಲುವ ಅಸ್ಕಾರಿಯ, ಅಂದರೆ ಕಾವಲುಗಾರನ, ಮಕ್ಕಳೂ, ಅಡುಗೆಮನೆಯಲ್ಲಿ ದುಡಿಯುವ ಹೆಂಗಸಿನ ಮಕ್ಕಳೂ ಹಲವು ವೇಳೆ ಬೆಳೆಯುವುದು ಇಂಥ ಓಣಿಗಳಲ್ಲೇ.

ಮೇಲಿನ ನಾಲ್ಕು ಚಿತ್ರಗಳಲ್ಲಿ ಈ ಭಾಗದ ಬದುಕಿಗೆ ತೀರ ಹತ್ತಿರವಾದದ್ದು ‘ಕ್ವೀನ್ ಆಫ್ ಕಾಟ್ವೆ’. ಒಡಿಶಾದ ರೂರ್ಕೆಲಾದಲ್ಲಿ ಹುಟ್ಟಿ ಕಂಪಾಲಾದಲ್ಲಿ ಮನೆ ಮಾಡಿಕೊಂಡಿರುವ ಮೀರಾ ನಾಯರ್ ಇದರ ನಿರ್ದೇಶಕಿ; ನೈರೋಬಿಯಲ್ಲಿ ಬೆಳೆದ ಲುಪಿಟಾ ನ್ಯೊಂಗೊ ಫಿಯೋನಾಳ ತಾಯಿ ಹೆರಿಯೆಟ್ ಪಾತ್ರದಲ್ಲಿದ್ದಾರೆ; ಡೇವಿಡ್ ಒಯೆಲೊವೊ ತರಬೇತುದಾರ ರಾಬರ್ಟ್ ಕಟೆಂಡೆಯಾಗಿದ್ದಾರೆ. ಮಡಿನಾ ನಲ್ವಾಂಗಾ ಎಂಬ ಉಗಾಂಡದ ಹುಡುಗಿ ಫಿಯೋನಾಳಾಗಿ ಕಾಣಿಸಿಕೊಂಡಿದ್ದಾಳೆ. ಪತ್ರಕರ್ತ ಟಿಮ್ ಕ್ರೋದರ್ಸ್ ಮೊದಲು ಒಂದು ನಿಯತಕಾಲಿಕೆಗೆ ಲೇಖನವಾಗಿ ಬರೆದು, ಮುಂದೆ 2012ರಲ್ಲಿ ಪುಸ್ತಕವಾಗಿ ಬೆಳೆಸಿದ ವೃತ್ತಾಂತವೇ ಚಿತ್ರದ ಆಧಾರ.

ಕಟೆಂಡೆಯವರ ನಿಜಜೀವನದ ವಿವರಗಳು ಚಿತ್ರಕ್ಕಿಂತಲೂ ಹೆಚ್ಚು ಹೇಳುತ್ತವೆ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡು, ಫುಟ್‌ಬಾಲ್ ಆಡುತ್ತ ಬೆಳೆದು, ಸಿವಿಲ್ ಎಂಜಿನಿಯರಿಂಗ್ ಓದಿದ ಇವರು ಸ್ಪೋರ್ಟ್ಸ್ ಔಟ್‌ರೀಚ್ ಎಂಬ ಕ್ರೈಸ್ತ ಸೇವಾಸಂಸ್ಥೆಯ ಪರವಾಗಿ ಕಾಟ್ವೆಯ ಮಕ್ಕಳಿಗೆ ಫುಟ್‌ಬಾಲ್ ಆಡಿಸುತ್ತಿದ್ದರು. ಆಟಕ್ಕಿಳಿಯದೆ ಬದಿಯಲ್ಲಿ ನಿಂತೇ ಇರುವ ಕೆಲವು ಮಕ್ಕಳಿಗಾಗಿ 2004ರಲ್ಲಿ ಒಂದು ಚೆಸ್ ಮಣೆಯನ್ನು ತಂದರು. ಬಂದ ಮಕ್ಕಳಿಗೆ ಒಂದೊಂದು ಲೋಟ ಗಂಜಿ ಸಿಗುತ್ತಿತ್ತು. ಅಣ್ಣ ಬ್ರಯಾನ್ ಎಲ್ಲಿಗೆ ಹೋಗುತ್ತಾನೆಂದು ಹಿಂಬಾಲಿಸಿಕೊಂಡು ಸುಮಾರು ಒಂಬತ್ತು ವರ್ಷದ ಫಿಯೋನಾ ಅಲ್ಲಿಗೆ ಬಂದದ್ದು ಗಂಜಿಯ ಆಸೆಯಿಂದ. ಅವಳಿಗೆ ಕಾಯಿಗಳ ನಡೆಯನ್ನು ಮೊದಲು ಹೇಳಿಕೊಟ್ಟವಳು ಅವಳಿಗಿಂತ ಎಷ್ಟೋ ಚಿಕ್ಕವಳಾದ ಗ್ಲೋರಿಯಾ ಎಂಬ ಹುಡುಗಿ. ಹಸಿದ ಮಗುವಿಗೆ ಮೊದಲು ಹೊಟ್ಟೆಗೆ ಬೇಕು, ಆಮೇಲೆ ಆಟ ಎಂಬ ಸರಳ ಕ್ರಮವನ್ನು ಕಟೆಂಡೆ ಯಾವ ಗ್ರಂಥದಿಂದಲೂ ಕಲಿತಿರಲಿಲ್ಲ. ಕರ್ನಾಟಕದ ಶಾಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಹಾಜರಾತಿಗೆ ಏನು ಮಾಡಿತೆಂಬುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ರದಲ್ಲಿ ಹೆಚ್ಚು ಚರ್ಚೆಗೆ ಬಾರದ, ಆದರೆ ಇಡೀ ವಿಷಯದ ಕೀಲಿಯಂತಿರುವ ಭಾಗವೊಂದಿದೆ. ಪಂದ್ಯಕ್ಕೆಂದು ಹೊರಗಿನ ಲೋಕವನ್ನು ನೋಡಿಬಂದ ಫಿಯೋನಾಳಿಗೆ ಕಾಟ್ವೆಯ ಮನೆಯಲ್ಲಿ ಮನಸ್ಸು ನಿಲ್ಲುವುದಿಲ್ಲ. ಜೋಳದ ತೆನೆ ಮಾರುವ, ನೀರು ಹೊರುವ ಕೆಲಸ ಬೇಡವಾಗುತ್ತದೆ. ಇಲ್ಲದ ಆಸೆ ಹುಟ್ಟಿಸಿ ಮಗಳನ್ನು ಎಲ್ಲಿಗೂ ಸಲ್ಲದವಳನ್ನಾಗಿ ಮಾಡಿದರೆ ಮುಂದೆ ಹೊಣೆ ಯಾರದೆಂಬ ತಾಯಿಯ ಭಯ ಕಟೆಂಡೆಯ ಮುಂದೆ ಪ್ರಶ್ನೆಯಾಗಿ ನಿಲ್ಲುತ್ತದೆ. ಆ ಪ್ರಶ್ನೆಗೆ ಚದುರಂಗದಲ್ಲಿ ಉತ್ತರವಿಲ್ಲ. ಉತ್ತರ ಬರುವುದು ಕಟೆಂಡೆಯ ಹೆಂಡತಿ, ಸ್ವತಃ ಶಿಕ್ಷಕಿಯಾದ ಸಾರಾ, ಹುಡುಗಿಗೆ ಓದು ಬರಹ ಕಲಿಸಲು ಕೂರುವುದರಲ್ಲಿ. ಸಂಬಳ ಚೆನ್ನಾಗಿರುವ ಎಂಜಿನಿಯರ್ ಕೆಲಸವನ್ನು ಕಟೆಂಡೆ ಬಿಟ್ಟುಕೊಡುವುದರಲ್ಲಿ. ಮಳೆಗೆ ಮನೆಯೊಳಗೆ ನೀರು ನುಗ್ಗಿದ ಮೇಲೂ ಆ ಸಂಸಾರದ ಜೊತೆ ಅವರು ನಿಲ್ಲುವುದರಲ್ಲಿ. ತೊಂದರೆಗೆ ಸಿಕ್ಕ ಮಕ್ಕಳ ಜೊತೆ ಕೆಲಸ ಮಾಡುವವರು ಮೆಂಟರ್ ಎಂದು ಕರೆಯುವುದು ಇಂಥವರನ್ನು: ಸಾಮಾನ್ಯವಾಗಿ ತಂದೆತಾಯಿಯಲ್ಲ, ಶಾಲೆಯಲ್ಲಿ ಅಂಕ ಹಾಕುವ ಮೇಷ್ಟ್ರೂ ಅಲ್ಲ, ಶಿಕ್ಷಿಸುವ ಅಧಿಕಾರ ಇಲ್ಲದ, ಆದರೆ ಮಗುವಿನ ಬಗ್ಗೆ ಕಾಳಜಿ ಇರುವ, ತಾನಾಗಿ ಬರುವ ಒಬ್ಬ ಹಿರಿಯ ವ್ಯಕ್ತಿ.

ಯೂಜೀನ್ ಬ್ರೌನ್ ಅವರ ದಾರಿ ಇನ್ನೂ ಕಠಿಣವಾದುದು. ಬ್ಯಾಂಕ್ ದರೋಡೆಯ ಅಪರಾಧಕ್ಕೆ ಜೈಲಿನಲ್ಲಿದ್ದು, ಅಲ್ಲಿ ಸಹಕೈದಿಯೊಬ್ಬರಿಂದ ಚೆಸ್ ಕಲಿತು ಹೊರಬಂದ ಈತ ವಾಷಿಂಗ್ಟನ್ನಿನ ಡೀನ್‌ವುಡ್ ಪ್ರದೇಶದಲ್ಲಿ ‘ಬಿಗ್ ಚೇರ್ ಚೆಸ್ ಕ್ಲಬ್’ ಕಟ್ಟಿದರು. ಕಾಯಿ ಎತ್ತುವ ಮೊದಲು ಯೋಚಿಸು ಎಂಬುದು ಆ ಕ್ಲಬ್ಬಿನ ಮೂಲಮಂತ್ರ. ಕ್ಯೂಬಾ ಗುಡಿಂಗ್ ಜೂನಿಯರ್ ಆ ಪಾತ್ರವನ್ನು ವಹಿಸಿದ ಚಿತ್ರದಲ್ಲಿ ಬ್ರೌನ್ ಮೊದಲು ಎದುರಿಸುವುದು ಶಾಲೆಯಲ್ಲಿ ಶಿಸ್ತು ಮುರಿದವರನ್ನು ಕೂಡಿಹಾಕುವ ತರಗತಿಯ ಹುಡುಗರನ್ನು. ತಾನು ಹೋಗಿಬಂದ ಜಾಗಕ್ಕೆ ಈ ಹುಡುಗರೂ ಹೊರಟಿದ್ದಾರೆಂದು ತಿಳಿದವನ ಮಾತಿಗೆ ಅವರ ನಡುವೆ ಸಿಗುವ ತೂಕ ಒಬ್ಬ ಸಜ್ಜನ ಶಿಕ್ಷಕನ ಉಪದೇಶಕ್ಕೆ ಸಿಗುವುದು ಕಷ್ಟ. ಹಾಗೆಂದು ಜೈಲು ಕಂಡವರೇ ಆಗಬೇಕೆಂಬ ನಿಯಮವೇನೂ ಇಲ್ಲ; ಮಯಾಮಿಯ ಮಾರ್ಟಿನೆಜ್ ಸಾಮಾನ್ಯ ಶಾಲಾ ಶಿಕ್ಷಕರಾಗಿದ್ದರು, ಅವರ ಹುಡುಗರು 1998ರಲ್ಲಿ ಅಮೆರಿಕದ ಪ್ರೌಢಶಾಲಾ ಚಾಂಪಿಯನ್‌ಶಿಪ್ ಗೆದ್ದರು. ಜೆನೆಸಿಸ್ ಪೊಟಿನಿ ಬೈಪೋಲಾರ್ ಕಾಯಿಲೆಯಿಂದ, ಅಂದರೆ ಉನ್ಮಾದ ಮತ್ತು ಖಿನ್ನತೆಗಳು ಸರದಿಯಂತೆ ಕಾಡುವ ಮನೋರೋಗದಿಂದ, ಬಳಲುತ್ತಲೇ ಗಿಸ್ಬರ್ನ್ ಪಟ್ಟಣದ ಮಾವೊರಿ ಮಕ್ಕಳಿಗೆ ಆಟ ಕಲಿಸಿ 2011ರಲ್ಲಿ ತೀರಿಕೊಂಡರು. ಮೂವರಿಗೂ ಸಮಾನವಾದುದು ಒಂದೇ: ಬಿಡದೆ ಬರುತ್ತಿದ್ದುದು.

ಹಾಗಾದರೆ ಚದುರಂಗವೇ ಏಕೆ, ಕೇರಂ ಆಗದೇ, ಕಬಡ್ಡಿ ಆಗದೇ ಎಂಬ ಪ್ರಶ್ನೆ ಸಹಜ. ಆಗಬಹುದು. ಆದರೆ ಚದುರಂಗಕ್ಕೆ ಈ ಕೆಲಸದಲ್ಲಿ ಕೆಲವು ಅನುಕೂಲಗಳಿವೆ, ಅವು ಬುದ್ಧಿಗೆ ಸಂಬಂಧಿಸಿದವೆಂದು ತಿಳಿಯುವುದು ರೂಢಿಯಾದರೂ ನಿಜದಲ್ಲಿ ಅವು ನಡತೆಗೆ ಸಂಬಂಧಿಸಿದವು. ಸ್ಪರ್ಧೆಯ ಚೆಸ್‌ನಲ್ಲಿ ಮುಟ್ಟಿದ ಕಾಯಿಯನ್ನು ನಡೆಸಲೇಬೇಕೆಂಬ ನಿಯಮವಿದೆ. ಕೈ ಮುಂದಾಗಿ ಬುದ್ಧಿ ಹಿಂದಾಗುವ ಹುಡುಗನಿಗೆ ಇದಕ್ಕಿಂತ ನೇರವಾದ ಪಾಠ ಬೇರೆ ಯಾವ ಆಟದಲ್ಲೂ ಇಷ್ಟು ಕಡಿಮೆ ನೋವಿಗೆ ಸಿಗುವುದಿಲ್ಲ. ಇನ್ನು, ಪ್ರತಿಯೊಂದು ನಡೆಯನ್ನೂ ಆಟಗಾರ ತನ್ನ ಕೈಯಾರೆ ಹಾಳೆಯ ಮೇಲೆ ಬರೆದಿಡುತ್ತಾನೆ. ಆಟ ಮುಗಿದ ಮೇಲೆ ಸೋತವನೂ ಗೆದ್ದವನೂ ಅದೇ ಹಾಳೆಯನ್ನು ಮುಂದಿಟ್ಟುಕೊಂಡು, ಕಾಯಿಗಳನ್ನು ಮತ್ತೆ ಜೋಡಿಸಿ, ಎಲ್ಲಿ ಎಡವಟ್ಟಾಯಿತೆಂದು ಹುಡುಕುವ ಪದ್ಧತಿಯಿದೆ. ಅಂಪೈರ್ ಮೋಸ ಮಾಡಿದ, ಅಂಗಳ ಸರಿಯಿರಲಿಲ್ಲ, ಜೊತೆಗಾರ ಚೆಂಡು ಕೊಡಲಿಲ್ಲ ಎಂದು ಹೇಳಲು ಇಲ್ಲಿ ಎಡೆಯೇ ಇಲ್ಲ. ಹದಿನೇಳನೆಯ ನಡೆಯಲ್ಲಿ ಕುದುರೆಯನ್ನು ಎತ್ತಿದ್ದು ತಾನೇ, ಅದನ್ನು ಬರೆದದ್ದೂ ತಾನೇ. ಜೀವನವಿಡೀ ಬೇರೆಯವರಿಂದ ತಪ್ಪಿತಸ್ಥನೆನಿಸಿಕೊಂಡ ಹುಡುಗ ತನ್ನ ತಪ್ಪನ್ನು ತಾನೇ ಹುಡುಕಿ, ಯಾರ ಬೈಗುಳವೂ ಇಲ್ಲದೆ, ಅದರ ಬದಲಿಗೆ ಏನು ಆಡಬಹುದಿತ್ತೆಂದು ತೋರಿಸುವ ಆ ಕ್ಷಣಕ್ಕೆ ಇಡೀ ತರಗತಿಯಷ್ಟು ಬೆಲೆಯಿದೆ.

ಮತ್ತೊಂದು ಅನುಕೂಲವನ್ನು ಕುರಿತು ಬರೆದವರು ಕಡಿಮೆ. ಮಾತು ಹೊರಡದ ಹುಡುಗನನ್ನು ಆಪ್ತಸಲಹೆಗಾರರ ಕುರ್ಚಿಯ ಎದುರು ಕೂರಿಸಿ ಮನಸ್ಸಿನಲ್ಲಿರುವುದನ್ನು ಹೇಳು ಎಂದರೆ ಅವನು ನೆಲ ನೋಡುತ್ತಾನೆ. ಮಣೆಯೊಂದು ನಡುವೆ ಇದ್ದಾಗ ಇಬ್ಬರ ಕಣ್ಣೂ ಕಾಯಿಗಳ ಮೇಲಿರುತ್ತದೆ. ಮೌನ ಯಾರಿಗೂ ಭಾರವಾಗುವುದಿಲ್ಲ, ಏಕೆಂದರೆ ಆಟದಲ್ಲಿ ಮೌನ ಸಹಜ. ಮಾತು ಬಂದರೆ ಅಡ್ಡಮಾತಾಗಿ ಬರುತ್ತದೆ, ಮನೆಯ ಜಗಳವೋ ಶಾಲೆಯ ಹೊಡೆದಾಟವೋ ಎರಡು ನಡೆಗಳ ನಡುವೆ ಒಂದು ವಾಕ್ಯವಾಗಿ ಹೊರಬೀಳುತ್ತದೆ. ಕೇಳಿಸಿಕೊಂಡವರು ತಕ್ಷಣ ಉಪದೇಶಕ್ಕೆ ತೊಡಗದೆ ತಮ್ಮ ನಡೆಯನ್ನು ಆಡಿದರೆ ಮುಂದಿನ ವಾರ ಇನ್ನೊಂದು ವಾಕ್ಯ ಬರುತ್ತದೆ.

ಕಲಿಸುವ ರೀತಿಯಲ್ಲೂ ಎಚ್ಚರ ಬೇಕು. ಹೊಸಬರನ್ನು ನಾಲ್ಕೇ ನಡೆಗಳಲ್ಲಿ ಸೋಲಿಸುವ ಉಪಾಯವೊಂದು ಎಲ್ಲ ದೇಶಗಳ ಮಕ್ಕಳಿಗೂ ಗೊತ್ತು. ರಾಜನ ಬದಿಯ ಒಂಟೆಯ ಮುಂದೆ ನಿಂತ ಕಾಲಾಳಿಗೆ ಆಟದ ಆರಂಭದಲ್ಲಿ ರಾಜನೊಬ್ಬನನ್ನು ಬಿಟ್ಟು ಬೇರೆ ಯಾವ ಕಾಯಿಯ ಕಾವಲೂ ಇರುವುದಿಲ್ಲ. ಎದುರಾಳಿಯ ಮಂತ್ರಿ ಮತ್ತು ಒಂಟೆ ಎರಡೂ ಆ ಮನೆಗೇ ಗುರಿಯಿಟ್ಟರೆ, ಅರಿಯದವನ ಆಟ ಅಲ್ಲಿಗೆ ಮುಗಿಯಿತು. ಹೊಸದಾಗಿ ಬಂದ ಹುಡುಗನಿಗೆ ಮೊದಲ ದಿನವೇ ಹೀಗಾದರೆ, ಸುತ್ತ ನಿಂತವರು ನಕ್ಕರೆ, ಅವನು ಮತ್ತೆ ಬರುವುದಿಲ್ಲ. ನಗೆಪಾಟಲಾಗುವುದನ್ನು ಅವನು ಬೇರೆ ಕಡೆ ಬೇಕಾದಷ್ಟು ಕಂಡಿರುತ್ತಾನೆ. ಆದ್ದರಿಂದ ಅನುಭವಸ್ಥ ತರಬೇತುದಾರರು ಮೊದಲು ಕಾಲಾಳುಗಳನ್ನು ಮಾತ್ರ ಮಣೆಯ ಮೇಲಿಟ್ಟು, ಯಾರ ಕಾಲಾಳು ಮೊದಲು ಆಚೆ ತುದಿ ಮುಟ್ಟುತ್ತದೋ ಅವರು ಗೆದ್ದಂತೆ ಎಂಬ ಕಿರು ಆಟ ಆಡಿಸುತ್ತಾರೆ. ಅರ್ಧ ಗಂಟೆಯೊಳಗೆ ಪ್ರತಿಯೊಂದು ಮಗುವೂ ಒಮ್ಮೆಯಾದರೂ ಗೆದ್ದಿರುತ್ತದೆ. ತುದಿ ಮುಟ್ಟಿದ ಕಾಲಾಳು ಮಂತ್ರಿಯಾಗುತ್ತದೆಂಬ ನಿಯಮವನ್ನು ಆಮೇಲೆ ಹೇಳಿದಾಗ, ಅದರ ಅರ್ಥವನ್ನು ಬಡ ಮಕ್ಕಳಿಗೆ ಯಾರೂ ವಿವರಿಸಬೇಕಾಗಿಲ್ಲ; ಕಾಟ್ವೆಯ ಚಿತ್ರದಲ್ಲಿ ಪುಟ್ಟ ಗ್ಲೋರಿಯಾ ಫಿಯೋನಾಳಿಗೆ ಆಟದ ಮರ್ಮವೆಂದು ಮೊದಲು ತಿಳಿಸುವುದು ಅದನ್ನೇ.

ಇಷ್ಟು ಹೇಳಿದ ಮೇಲೆ ಪ್ರಚಾರದಲ್ಲಿರುವ ಒಂದು ನಂಬಿಕೆಯನ್ನು ಪಕ್ಕಕ್ಕಿಡಬೇಕಾಗುತ್ತದೆ. ಚೆಸ್ ಕಲಿತ ಮಕ್ಕಳಿಗೆ ಗಣಿತ ಚೆನ್ನಾಗಿ ಬರುತ್ತದೆ, ಏಕಾಗ್ರತೆ ಹೆಚ್ಚುತ್ತದೆ, ಅಂಕಗಳು ಏರುತ್ತವೆ ಎಂದು ತರಬೇತಿ ಕೇಂದ್ರಗಳ ಫಲಕಗಳು ಸಾರುತ್ತವೆ. ಇಂಗ್ಲೆಂಡಿನ ಎಜುಕೇಶನ್ ಎಂಡೋಮೆಂಟ್ ಫೌಂಡೇಶನ್ ಇದನ್ನು ಸುಮಾರು ನೂರು ಪ್ರಾಥಮಿಕ ಶಾಲೆಗಳ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಪರೀಕ್ಷಿಸಿ 2016ರಲ್ಲಿ ವರದಿ ಪ್ರಕಟಿಸಿತು. ಯಾವ ಶಾಲೆಗೆ ಚೆಸ್ ಪಾಠ, ಯಾವುದಕ್ಕೆ ಇಲ್ಲ ಎಂಬುದನ್ನು ಚೀಟಿ ಎತ್ತಿದಂತೆ ಆಕಸ್ಮಿಕವಾಗಿ ಆರಿಸಿದ್ದರಿಂದ ಎರಡು ಗುಂಪುಗಳ ಹೋಲಿಕೆ ನಂಬಲರ್ಹವಾದುದು. ಇಂಥ ಪರೀಕ್ಷೆಗೆ ಯಾದೃಚ್ಛಿಕ ಪ್ರಯೋಗವೆಂದು ಹೆಸರು. ಮೂವತ್ತು ಗಂಟೆಗಳ ಚೆಸ್ ಪಾಠ ಮುಗಿದು ಒಂದು ವರ್ಷದ ಮೇಲೆ ಅಳೆದು ನೋಡಿದಾಗ ಗಣಿತದಲ್ಲಾಗಲಿ, ಓದಿನಲ್ಲಾಗಲಿ, ವಿಜ್ಞಾನದಲ್ಲಾಗಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದ ಜೊವಾನಿ ಸಾಲಾ ಮತ್ತು ಫರ್ನಾಂಡ್ ಗೊಬೆ ಎಂಬ ಸಂಶೋಧಕರೂ, ಲಾಭ ಕಂಡ ಅಧ್ಯಯನಗಳಲ್ಲಿ ಬಹಳಷ್ಟು ಸರಿಯಾದ ಹೋಲಿಕೆಯ ಗುಂಪನ್ನೇ ಇಟ್ಟುಕೊಂಡಿರಲಿಲ್ಲವೆಂದು ತೋರಿಸಿದರು. ಚೆಸ್ ಕಲಿತವರು ಚೆಸ್ ಚೆನ್ನಾಗಿ ಆಡುತ್ತಾರೆ. ಅದರಿಂದ ತಾನಾಗಿಯೇ ಲೆಕ್ಕ ಬರುವುದಿಲ್ಲ.

ಇದರ ಪಕ್ಕದಲ್ಲಿ ಇಡಬೇಕಾದ ಇನ್ನೊಂದು ಅಧ್ಯಯನ 1995ರದು. ಅಮೆರಿಕದ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಎಂಬ ಸಂಸ್ಥೆ ಕಷ್ಟದಲ್ಲಿರುವ ಮಕ್ಕಳಿಗೆ ಒಬ್ಬೊಬ್ಬ ವಯಸ್ಕರನ್ನು ಜೊತೆಗೂಡಿಸುತ್ತದೆ. ಅವರು ಮಗುವನ್ನು ಆಗಾಗ ಭೇಟಿಯಾಗಿ, ಜೊತೆಗಿದ್ದು ಏನಾದರೂ ಮಾಡುತ್ತ ಕಾಲ ಕಳೆಯುತ್ತಾರೆ, ವಿಶೇಷ ಪಾಠವೇನೂ ಇರುವುದಿಲ್ಲ. ಹತ್ತರಿಂದ ಹದಿನಾರು ವಯಸ್ಸಿನ 959 ಮಕ್ಕಳನ್ನು ಹದಿನೆಂಟು ತಿಂಗಳ ಕಾಲ ಗಮನಿಸಿದಾಗ, ಜೊತೆಗಾರ ಸಿಕ್ಕ ಮಕ್ಕಳು ಮಾದಕ ವಸ್ತುವಿನ ಬಳಕೆಗೆ ತೊಡಗುವ ಸಂಭವ ಉಳಿದವರಿಗಿಂತ ಶೇಕಡಾ 46ರಷ್ಟು, ಕುಡಿತಕ್ಕೆ ತೊಡಗುವ ಸಂಭವ ಶೇಕಡಾ 27ರಷ್ಟು ಕಡಿಮೆಯಿತ್ತು. ಅದೇ ಮಾಹಿತಿಯನ್ನು ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಮತ್ತೆ ಪರಿಶೀಲಿಸಿ ಕಂಡುಕೊಂಡ ಸಂಗತಿ ಪ್ರತಿಯೊಬ್ಬ ಸ್ವಯಂಸೇವಕರಿಗೂ ತಿಳಿದಿರಬೇಕಾದುದು. ಒಂದು ವರ್ಷ ಅಥವಾ ಹೆಚ್ಚು ಕಾಲ ಉಳಿದ ಸಂಬಂಧಗಳಿಂದ ಮಕ್ಕಳಿಗೆ ಆದ ಒಳಿತು ಎಲ್ಲಕ್ಕಿಂತ ದೊಡ್ಡದು. ಮೂರು ತಿಂಗಳೊಳಗೆ ಹಿರಿಯರು ಕೈಬಿಟ್ಟು ಹೋದಲ್ಲಿ ಮಕ್ಕಳ ಆತ್ಮಗೌರವ ಮೊದಲಿದ್ದುದಕ್ಕಿಂತಲೂ ಕೆಳಗಿಳಿದಿತ್ತು. ಅಂದರೆ ಉತ್ಸಾಹದಿಂದ ಬಂದು ಬೇಗ ಮಾಯವಾಗುವ ಒಳ್ಳೆಯ ಮನುಷ್ಯ ಬಾರದೇ ಇದ್ದವನಿಗಿಂತ ಹೆಚ್ಚು ಕೇಡು ಮಾಡಬಲ್ಲ.

ಸಿನಿಮಾಗಳು ದಾರಿ ತಪ್ಪಿಸುವುದು ಈ ಜಾಗದಲ್ಲಿ. ಎರಡು ಗಂಟೆಯ ಕಥೆಗೆ ಕೊನೆಯಲ್ಲಿ ಒಂದು ದೊಡ್ಡ ಪಂದ್ಯ ಬೇಕು, ಪಂದ್ಯಕ್ಕೆ ಒಂದು ಪ್ರತಿಭೆ ಬೇಕು. ಹೀಗಾಗಿ ನೂರು ಮಕ್ಕಳಲ್ಲಿ ಒಬ್ಬಳ ಕಥೆ ಉಳಿಯುತ್ತದೆ, ಉಳಿದ ತೊಂಬತ್ತೊಂಬತ್ತು ಮಕ್ಕಳು ಹಿನ್ನೆಲೆಗೆ ಸರಿಯುತ್ತಾರೆ. ಫಿಯೋನಾ ಮುಟೇಸಿಗೆ 2012ರ ಇಸ್ತಾನ್‌ಬುಲ್ ಒಲಿಂಪಿಯಾಡ್‌ನ ನಂತರ ದೊರೆತದ್ದು ವುಮನ್ ಕ್ಯಾಂಡಿಡೇಟ್ ಮಾಸ್ಟರ್ ಪದವಿ. ವಿಶ್ವ ಚೆಸ್ ಒಕ್ಕೂಟ ಮಹಿಳೆಯರಿಗೆ ಕೊಡುವ ಪದವಿಗಳಲ್ಲಿ ಇದು ಮೊದಲ ಮೆಟ್ಟಿಲು. ಚೆಸ್ ಲೋಕದ ಅಳತೆಯಲ್ಲಿ ಅದು ದೊಡ್ಡದಲ್ಲ, ಅದನ್ನು ದೊಡ್ಡದೆಂದು ಬಿಂಬಿಸುವುದೂ ಬೇಕಾಗಿಲ್ಲ. ಅವಳ ಬದುಕಿನ ಅಳತೆಯಲ್ಲಿ ದೊಡ್ಡದಾದದ್ದು ಬೇರೆ: ಓದುಬರಹ ಬಾರದಿದ್ದ ಹುಡುಗಿ ಶಾಲೆ ಮುಗಿಸಿದಳು, 2017ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ನಾರ್ತ್‌ವೆಸ್ಟ್ ವಿಶ್ವವಿದ್ಯಾಲಯವನ್ನು ಸೇರಿದಳು, ಕಾಟ್ವೆಯ ಅದೇ ಗುಂಪಿನ ಬೆಂಜಮಿನ್ ಮುಕುಂಬ್ಯಾ ಕೂಡ ಅವಳ ಜೊತೆಗೇ ಸೇರಿದ. ಪಂದ್ಯ ಗೆಲ್ಲದ, ಪದವಿ ಪಡೆಯದ, ಆದರೆ ಸಂಜೆಯ ಹೊತ್ತು ಬೀದಿಯ ಬದಲು ಮಣೆಯ ಮುಂದೆ ಕಳೆದ ಮಕ್ಕಳ ಲೆಕ್ಕವನ್ನು ಯಾವ ಚಿತ್ರವೂ ಇಟ್ಟಿಲ್ಲ. ಕಟೆಂಡೆಯವರ ಕೆಲಸದ ನಿಜವಾದ ಗಾತ್ರ ಆ ಲೆಕ್ಕದಲ್ಲಿದೆ.

ನೈಜೀರಿಯಾದ ಟುಂಡೆ ಒನಕೋಯಾ ಇದನ್ನು ಚೆನ್ನಾಗಿ ಅರಿತವರಂತೆ ಕಾಣುತ್ತಾರೆ. ಲಾಗೋಸ್ ನಗರದ ಹೊರವಲಯದಲ್ಲಿ ಬೆಳೆದು, ಕ್ಷೌರದಂಗಡಿಯೊಂದರಲ್ಲಿ ಚೆಸ್ ಕಲಿತ ಇವರು 2018ರಲ್ಲಿ ‘ಚೆಸ್ ಇನ್ ಸ್ಲಮ್ಸ್ ಆಫ್ರಿಕಾ’ ಎಂಬ ಸಂಸ್ಥೆ ಆರಂಭಿಸಿದರು. ಒಶೋಡಿ ಮೇಲ್ಸೇತುವೆಯ ಕೆಳಗೆ ಮಲಗುವ, ಊರವರು ಪುಂಡರೆಂದು ದೂರವಿಡುವ ಹುಡುಗರಿಗೆ 2021ರಲ್ಲಿ ಅಲ್ಲಿಗೇ ಹೋಗಿ ಆಟ ಕಲಿಸಿದರು. 2024ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ 60 ಗಂಟೆಗಳ ಕಾಲ ಸತತವಾಗಿ ಚೆಸ್ ಆಡಿದ್ದು ಮಕ್ಕಳ ಶಿಕ್ಷಣಕ್ಕೆ ಹಣ ಕೂಡಿಸುವುದಕ್ಕಾಗಿ. ಕೆನ್ಯಾದ ವಾಯವ್ಯಕ್ಕಿರುವ ಕಾಕುಮಾ ನಿರಾಶ್ರಿತರ ಶಿಬಿರದಲ್ಲಿಯೂ ವಿಶ್ವ ಚೆಸ್ ಒಕ್ಕೂಟ ಮತ್ತು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಸೇರಿ 2021ರಿಂದ ಹೆಣ್ಣುಮಕ್ಕಳಿಗೆ ಚೆಸ್ ಕಲಿಸುವ ಯೋಜನೆಯನ್ನು ನಡೆಸಿವೆ.

ಕನ್ನಡಿಗರಿಗೆ ಈ ಆಟ ಪರದೇಶದಿಂದ ಬಂದ ಸರಕೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನ ಅರಮನೆಯಲ್ಲಿ ಕುದುರೆಯೊಂದು ಅರವತ್ನಾಲ್ಕು ಮನೆಗಳನ್ನೂ ಒಂದೊಂದೇ ಬಾರಿ ಮುಟ್ಟುವ ಬಂಧಗಳನ್ನು ರಚಿಸುತ್ತಿದ್ದರು. ಅವರ ‘ಶ್ರೀತತ್ತ್ವನಿಧಿ’ಯ ಒಂದು ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲು. ಅರಮನೆಯ ಆಟ ಓಣಿಗೆ ಇಳಿದ ಉದಾಹರಣೆಯೂ ನೆರೆಯಲ್ಲೇ ಇದೆ: ಕೇರಳದ ತ್ರಿಶ್ಶೂರಿನ ಹತ್ತಿರದ ಮರೋಟ್ಟಿಚ್ಚಾಲ್ ಎಂಬ ಹಳ್ಳಿಯಲ್ಲಿ ಕಳ್ಳಭಟ್ಟಿ ಮತ್ತು ಜೂಜು ಮನೆಮುರಿಯುತ್ತಿದ್ದ ಕಾಲದಲ್ಲಿ ಸಿ. ಉಣ್ಣಿಕೃಷ್ಣನ್ ಎಂಬ ಚಹಾ ಅಂಗಡಿಯವರು ಬಂದವರಿಗೆಲ್ಲ ಚೆಸ್ ಕಲಿಸತೊಡಗಿ, ಇಂದು ಊರಿಗೆ ಊರೇ ಆಡುವಂತಾಗಿದೆ. ಪುಣೆಯ ಯೆರವಡಾ ಜೈಲಿನ ತಂಡ 2023ರಲ್ಲಿ ಕೈದಿಗಳ ಖಂಡಾಂತರ ಆನ್‌ಲೈನ್ ಚೆಸ್ ಪಂದ್ಯಾವಳಿಯಲ್ಲಿ ಚಿನ್ನ ಗೆದ್ದಿತು. ಇಂಥ ಮಣೆ ಬೇಕಾದ ಮಕ್ಕಳ ಜಾಗಗಳೂ ಇವೆ: ಭಾರತದಲ್ಲಿ ಕಾನೂನಿನೊಡನೆ ಸಂಘರ್ಷಕ್ಕೆ ಬಂದ ಮಕ್ಕಳು, ಅಂದರೆ ಅಪರಾಧದ ಆರೋಪವಿರುವ ಹದಿನೆಂಟರೊಳಗಿನವರು, ಹಲವು ವೇಳೆ ವೀಕ್ಷಣಾಲಯಗಳಲ್ಲಿರುತ್ತಾರೆ. ಕೆನ್ಯಾದಲ್ಲಿ ಮೊಂಬಾಸಾದ ಶಿಮೊ ಲಾ ಟೇವಾ ಮತ್ತು ಕಾಕಮೇಗಾದ ಶಿಕುಸಾದಲ್ಲಿ ಹುಡುಗರ ಬೋರ್ಸ್ಟಲ್‌ಗಳೆಂಬ ಸುಧಾರಣಾಲಯಗಳಿವೆ. ಕ್ರಿಮಿನಲ್ ಹೊಣೆಗಾರಿಕೆಯ ಕನಿಷ್ಠ ವಯಸ್ಸನ್ನು ಎಂಟರಿಂದ ಹನ್ನೆರಡಕ್ಕೆ ಏರಿಸಿದ ಕೆನ್ಯಾದ 2022ರ ಮಕ್ಕಳ ಕಾಯಿದೆ ಸ್ವಾಗತಾರ್ಹವಾದುದು. ಆದರೆ ಕಾನೂನು ಮಗುವನ್ನು ಕಟಕಟೆಯಿಂದ ಹೊರಗಿಡಬಲ್ಲದೇ ಹೊರತು ಸಂಜೆ ಐದು ಗಂಟೆಗೆ ಅದರ ಎದುರು ಬಂದು ಕೂರಲಾರದು.

ಮೀರಾ ನಾಯರ್ ಅವರ ಇನ್ನೊಂದು ಚಿತ್ರ ಇಲ್ಲಿ ನೆನಪಾಗಬೇಕು. 1988ರ ‘ಸಲಾಂ ಬಾಂಬೆ’ಯಲ್ಲಿ ಬೀದಿಯ ಮಕ್ಕಳೇ ನಟಿಸಿದ್ದರು, ಚಿತ್ರ ಮುಗಿದ ಮೇಲೆ ಅವರನ್ನು ಬೀದಿಗೇ ಬಿಟ್ಟುಬಿಡದೆ, ಅಂಥ ಮಕ್ಕಳಿಗಾಗಿ ಸಲಾಂ ಬಾಲಕ್ ಟ್ರಸ್ಟ್ ಹುಟ್ಟಿತು, ಅದು ಇಂದಿಗೂ ನಡೆಯುತ್ತಿದೆ. 1980ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬೆಂಗಳೂರು ಓಣಿಯವರ ಸೇವಾ ಕೂಟ ಕೂಡ ನಾಲ್ಕು ದಶಕಗಳಿಂದ ಅದೇ ಕೆಲಸದಲ್ಲಿದೆ. ಇಂಥ ಸಂಸ್ಥೆಗಳ ಶಕ್ತಿ ಅವುಗಳ ಆಯುಷ್ಯದಲ್ಲಿದೆ: ಹತ್ತು ವರ್ಷದ ಹುಡುಗ ಇಪ್ಪತ್ತೈದಾಗಿ ಹಿಂದಿರುಗಿ ಬಂದಾಗಲೂ ಬಾಗಿಲು ಅಲ್ಲೇ ಇರುತ್ತದೆ.

ಕಿಲಿಮಾನಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ, ತಮ್ಮ ಮಕ್ಕಳಿಗೆ ಚೆಸ್ ತರಬೇತಿ ಕೊಡಿಸುವ ಅನುಕೂಲವುಳ್ಳ ಕನ್ನಡ ಕುಟುಂಬಗಳು ಪಕ್ಕದ ಓಣಿಯ ಮಕ್ಕಳಿಗೂ ಏನಾದರೂ ಮಾಡಬೇಕೆಂದು ಯೋಚಿಸುವುದಾದರೆ, ಹೊಸ ಸಂಸ್ಥೆ ಕಟ್ಟುವ ಅಗತ್ಯವಿಲ್ಲ. ಈಗಾಗಲೇ ನಡೆಯುತ್ತಿರುವ ಶಾಲೆ, ಗ್ರಂಥಾಲಯ ಅಥವಾ ಮಕ್ಕಳ ಕೇಂದ್ರದ ಮೂಲಕವೇ ಹೋಗುವುದು ಲೇಸು. ಕೋಣೆಯ ಬಾಗಿಲು ತೆರೆದಿರಲಿ, ಕನಿಷ್ಠ ಇಬ್ಬರು ವಯಸ್ಕರು ಇರಲಿ, ಮಗುವಿನ ಮನೆಯವರಿಗೆ ಎಲ್ಲವೂ ತಿಳಿದಿರಲಿ. ಆಟಕ್ಕೆ ಮೊದಲು ತಿನ್ನಲು ಏನಾದರೂ ಇರಲಿ. ಮಗುವೊಂದು ಹೊಡೆತ ಅಥವಾ ದೌರ್ಜನ್ಯದ ಮಾತನ್ನು ಬಾಯಿಬಿಟ್ಟರೆ ಅದನ್ನು ತಾವೇ ಬಗೆಹರಿಸಲು ಹೋಗದೆ ಮಕ್ಕಳ ಸಹಾಯವಾಣಿಗೆ ತಿಳಿಸಬೇಕು. ಕೆನ್ಯಾದಲ್ಲಿ ಆ ಸಂಖ್ಯೆ 116, ಭಾರತದಲ್ಲಿ 1098. ಎಲ್ಲಕ್ಕಿಂತ ಮೊದಲು, ವಾರಕ್ಕೊಂದು ಸಂಜೆಯನ್ನು ಒಂದು ವರ್ಷ ಪೂರ್ತಿ ತಪ್ಪದೆ ಕೊಡಲು ಸಾಧ್ಯವೇ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ಸಾಧ್ಯವಿದ್ದವರು ದಯವಿಟ್ಟು ಹೋಗಲಿ, ಆಟ ಸಾಧಾರಣವಾಗಿ ಬಂದರೂ ಸಾಕು. ಸಾಧ್ಯವಿಲ್ಲದವರು ಮಣೆಗಳನ್ನೂ ಗಡಿಯಾರಗಳನ್ನೂ ಮಕ್ಕಳ ಬಸ್ ಚಾರ್ಜನ್ನೂ ಕೊಟ್ಟು, ಎದುರು ಕೂರುವ ಕೆಲಸವನ್ನು ವರ್ಷವಿಡೀ ಇರಬಲ್ಲವರಿಗೆ ಬಿಟ್ಟುಕೊಡಲಿ.